ಪೈನ್ ಕಾಯಿ ಬಲಿತಿದೆಯೇ ಎಂದು ತಿಳಿಯುವುದು ಹೇಗೆ?

ಚಿಕ್ಕಮಗಳೂರಿನ ನಿಮ್ಮ ಕಾಫಿ ತೋಟದಂಚಿನ ಪೈನ್ ಮರಗಳಿಂದ ಬೀಜಕ್ಕಾಗಿ ಕಾಯಿ ಯಾವಾಗ ಕೀಳಬೇಕು ಎಂದು ಕೇಳಿದ್ದೀರಿ. ಕೆಳಗೆ ಬಿದ್ದು ಬಾಯಿ ಬಿಟ್ಟಿರುವ ಕಾಯಿಗಳನ್ನು ಆರಿಸಬೇಡಿ. ಅವುಗಳ ರೆಕ್ಕೆಬೀಜ ಎಂದೋ ಗಾಳಿಗೆ ಹಾರಿರುತ್ತದೆ. ಮರದಲ್ಲೇ ಇರುವ, ಇನ್ನೂ ಮುಚ್ಚಿರುವ ಕಾಯಿ ಬೇಕು. ಹೆಚ್ಚಿನ ಪೈನ್‌ಗಳಲ್ಲಿ ಕಾಯಿ ಬಲಿಯಲು ಸುಮಾರು 2 ವರ್ಷ ಹಿಡಿಯುವುದರಿಂದ ಒಂದೇ ಕೊಂಬೆಯಲ್ಲಿ ಎಳೆಯದೂ ಬಲಿತದ್ದೂ ಸಿಗುತ್ತವೆ.

ಕಾಫಿ ಹಣ್ಣು ಕೊಯ್ದು ರೂಢಿಯಾದವರು ಇಲ್ಲಿಯೂ ಬಣ್ಣವನ್ನೇ ನಂಬುತ್ತಾರೆ. ಹಸಿರು ಕಂದಿಗೆ ತಿರುಗುವುದು ಸೂಚನೆ ಹೌದು, ಸಾಕ್ಷಿಯಲ್ಲ. ನನ್ನ ಮಟ್ಟಿಗೆ ಕತ್ತಿಯ ಪರೀಕ್ಷೆಯೇ ಖಚಿತ. ಪ್ರತಿ ಮರದಿಂದ ಕೆಲವು ಕಾಯಿ ಕಿತ್ತು ಉದ್ದಕ್ಕೆ ಸೀಳಿ, ಒಳಗಿನ ಬೀಜಗಳನ್ನು ಬ್ಲೇಡಿನಿಂದ ಎರಡು ಹೋಳು ಮಾಡಿ. ತಿರುಳು ಮೆತ್ತಗಿದ್ದು ಬಿಳಿ ರಸ ಜಿನುಗಿದರೆ ಇನ್ನೂ ಎಳಸು. ತೆಂಗಿನ ಕಾಯಿಯ ತಿರುಳಿನಂತೆ ಬೆಳ್ಳಗೆ, ಗಟ್ಟಿಯಾಗಿದ್ದು, ನಡುವಿನ ಕುಳಿಯ ಮುಕ್ಕಾಲು ಭಾಗಕ್ಕಿಂತ ಹೆಚ್ಚನ್ನು ಭ್ರೂಣ ತುಂಬಿದ್ದರೆ ಕೊಯ್ಲಿಗೆ ಸಿದ್ಧ. ಆಗ ಬೀಜದ ಸಿಪ್ಪೆ ಗಡುಸಾಗಿ, ರೆಕ್ಕೆ ಕಂದಾಗಿರುತ್ತದೆ.

ಬಲಿತ ಕಾಯಿ ನೀರು ಕಳೆದುಕೊಂಡು ಹಗುರವಾಗುತ್ತದೆ. ಬಕೆಟ್ ನೀರಿನಲ್ಲಿ ತೇಲುತ್ತದೆ. ಕಿತ್ತ ತಕ್ಷಣ ನೋಡಬೇಕು, ಒಣಗಿದರೆ ಎಳಸೂ ತೇಲೀತು.

ಕಿತ್ತದ್ದನ್ನು ಗೋಣಿಚೀಲದಲ್ಲಿ ತನ್ನಿ, ಪ್ಲಾಸ್ಟಿಕ್‌ನಲ್ಲಿ ಬೂಷ್ಟು ಹಿಡಿಯುತ್ತದೆ. ಕಾಫಿ ಕಣದಲ್ಲಿ ತೆಳ್ಳಗೆ ಹರಡಿದರೆ ಬಿಸಿಲಿಗೆ ಬಾಯಿ ಬಿಡುತ್ತವೆ. ನಿಮ್ಮದು ಪಟುಲಾ ಪೈನ್ ಆಗಿದ್ದರೆ ಆತುರವೇ ಬೇಡ, ಅದರ ಕಾಯಿಗಳು ವರ್ಷಗಟ್ಟಲೆ ಮುಚ್ಚಿಕೊಂಡೇ ಮರದಲ್ಲಿರುತ್ತವೆ. ಒಂಟಿ ಮರವಾದರೆ ಮಾತ್ರ ಹೆಚ್ಚು ನಿರೀಕ್ಷೆ ಇಡಬೇಡಿ: ತನ್ನದೇ ಪರಾಗದಿಂದ ಕಟ್ಟಿದ ಬೀಜಗಳಲ್ಲಿ ಬಹಳಷ್ಟು ಜೊಳ್ಳು.