ಫೈಂಡರ್‌ನಲ್ಲಿ ಗುರು, ಟೆಲಿಸ್ಕೋಪ್‌ನಲ್ಲಿ ಕತ್ತಲು

ಪ್ರಶ್ನೆ: ಮಗಳಿಗೆ 70 ಮಿ.ಮೀ. ಲೆನ್ಸಿನ, 700 ಮಿ.ಮೀ. ಫೋಕಲ್ ಲೆಂಗ್ತಿನ ಟೆಲಿಸ್ಕೋಪ್ ತಂದಿದ್ದೇವೆ. ಅದರ 6×30 ಫೈಂಡರನ್ನು (ಗುರಿ ಹಿಡಿಯಲು ಕೊಳವೆಯ ಮೇಲೆ ಕೂರಿಸಿದ, 6 ಪಟ್ಟು ಹಿಗ್ಗಿಸುವ, 30 ಮಿ.ಮೀ. ಲೆನ್ಸಿನ ಪುಟ್ಟ ದುರ್ಬೀನು) ಎದುರು ಮನೆಯ ನೀರಿನ ಟ್ಯಾಂಕ್ ನೋಡಿ ಹೊಂದಿಸಿದೆವು. ರಾತ್ರಿ ಗುರು ಗ್ರಹ ಫೈಂಡರ್‌ನ ಪ್ಲಸ್ ಗುರುತಿನ ಮೇಲೆ ಬಂದರೂ 10 ಮಿ.ಮೀ. ಐಪೀಸ್‌ನಲ್ಲಿ (ಕಣ್ಣಿಟ್ಟು ನೋಡುವ ಲೆನ್ಸ್) ಬರೀ ಕತ್ತಲು. ಫೈಂಡರ್ ಕೆಟ್ಟಿದೆಯೇ?
– ಓದುಗರು, ಡಂಬಳ, ಗದಗ ಜಿಲ್ಲೆ

ಉತ್ತರ: ಕೆಟ್ಟಿಲ್ಲ. ಟ್ಯಾಂಕು ತೀರಾ ಹತ್ತಿರ ಇದೆ, ಅಷ್ಟೇ.

ಫೈಂಡರ್ ಕೂತಿರುವುದು ದೊಡ್ಡ ಕೊಳವೆಯ ನಡುವಿನಿಂದ ಸುಮಾರು 10 ಸೆಂ.ಮೀ. ದೂರದಲ್ಲಿ. ಎದುರು ಮನೆ 15 ಮೀಟರ್ ಆಚೆ ಇದೆ ಅಂದುಕೊಳ್ಳಿ. ಎರಡನ್ನೂ ಅಲ್ಲಿನ ಒಂದೇ ಚುಕ್ಕೆಗೆ ಹಿಡಿದರೆ, ಮೂಗಿನ ತುದಿ ನೋಡುವಾಗ ಕಣ್ಣುಗಳು ಒಳಕ್ಕೆ ತಿರುಗುತ್ತವಲ್ಲ, ಹಾಗೆ ಒಂದರ ಕಡೆಗೊಂದು ವಾಲುತ್ತವೆ. ಆ ವಾಲು ಸುಮಾರು 0.4 ಡಿಗ್ರಿ. ಪೂರ್ಣಚಂದ್ರನ ಅಗಲವೇ ಅರ್ಧ ಡಿಗ್ರಿ! ನಿಮ್ಮ 10 ಮಿ.ಮೀ. ಐಪೀಸ್ 70 ಪಟ್ಟು (700 ÷ 10) ಹಿಗ್ಗಿಸುತ್ತದೆ. ಅದರಲ್ಲಿ ಕಾಣುವ ಆಕಾಶ 0.7 ಡಿಗ್ರಿಯ ಆಸುಪಾಸು. ನಡುವಿನಿಂದ ಅಂಚಿಗೆ 0.35. ಗುರು ಅಂಚಿನ ಆಚೆಗೇ ಉಳಿದುಬಿಟ್ಟ.

ಕನಿಷ್ಠ ಒಂದು ಕಿಲೋಮೀಟರ್ ದೂರದ ಗುರುತು ಬೇಕು. ಮಾಳಿಗೆ ಮೇಲಿಂದ ಕಪ್ಪತಗುಡ್ಡದ ಗಾಳಿಯಂತ್ರಗಳು ಕಂಡರೆ ಒಳ್ಳೆಯದೇ. ಆದರೆ ರೆಕ್ಕೆ ಬೇಡ, ತಲೆಯೂ ಬೇಡ, ಗಾಳಿ ಬಂದ ಕಡೆ ಅದು ತಿರುಗುತ್ತದೆ. ಕಂಬ ನೋಡಿ. ನಾನಾದರೆ ಮೊಬೈಲ್ ಟವರಿನ ತುದಿ ಹಿಡಿಯುತ್ತೇನೆ. ಅಲ್ಲಿ ಕೆಂಪು ದೀಪ ಇದ್ದರೆ ಕತ್ತಲಲ್ಲೂ ಕೆಲಸಕ್ಕೆ ಬರುತ್ತದೆ. ಗುರುವನ್ನೇ ನೋಡಿ ಹೊಂದಿಸಲು ಹೋದರೆ, ನೀವು ಸ್ಕ್ರೂ ತಿರುಗಿಸುವ ಮೂರು ನಿಮಿಷದೊಳಗೆ ಅವನು ಐಪೀಸ್ ದಾಟಿ ಹೋಗಿರುತ್ತಾನೆ.

ಮೊದಲು ಫೈಂಡರ್ ಹಿಡಿದು ಮೆಲ್ಲಗೆ ಅಲ್ಲಾಡಿಸಿ. ಬುಡ ಗಡಗಡ ಅಂದರೆ ಬ್ರಾಕೆಟ್‌ನ ನಟ್ ಬಿಗಿ ಮಾಡಿ, ಇಲ್ಲದಿದ್ದರೆ ಮುಂದಿನದೆಲ್ಲ ಸುಮ್ನೆ ಶ್ರಮ. ನಂತರ ಹೆಚ್ಚು ಅಗಲ ಕಾಣುವ 25 ಮಿ.ಮೀ. ಐಪೀಸ್ ಹಾಕಿ, ಟವರಿನ ತುದಿಯನ್ನು ದೊಡ್ಡ ಕೊಳವೆಯಲ್ಲಿ ನಟ್ಟನಡುವೆ ತಂದು ಸ್ಟ್ಯಾಂಡ್ ಲಾಕ್ ಮಾಡಿ. ಇನ್ನು ಕೊಳವೆ ಮುಟ್ಟಬೇಡಿ. ಫೈಂಡರ್‌ನ ಮೂರು ಸ್ಕ್ರೂಗಳಷ್ಟೇ ನಿಮ್ಮವು. ಒಂದನ್ನು ಸಡಿಲಿಸಿ, ಆಮೇಲೆ ಉಳಿದವನ್ನು ಬಿಗಿಮಾಡಿ. ಎಲ್ಲವನ್ನೂ ಜೋರಾಗಿ ತಿರುವಿದರೆ ಪ್ಲಾಸ್ಟಿಕ್ ಉಂಗುರ ಸೀಳುತ್ತದೆ. ನೇರ ಫೈಂಡರ್‌ನಲ್ಲಿ ಟವರ್ ತಲೆಕೆಳಗಾಗಿ ಕಾಣುತ್ತದೆ, ಡಯಾಗನಲ್ (ಐಪೀಸ್‌ಗೆ ಬೆಳಕನ್ನು ಬಾಗಿಸಿ ಕಳಿಸುವ ಕನ್ನಡಿ) ಹಾಕಿದ ಟೆಲಿಸ್ಕೋಪ್‌ನಲ್ಲಿ ಎಡಬಲ ಅದಲುಬದಲು. ಹಾಗಾಗಿ ಯಾವ ಸ್ಕ್ರೂ ಯಾವ ಕಡೆಗೆ ಎಂದು ಲೆಕ್ಕ ಹಾಕುತ್ತಾ ಕೂರಬೇಡಿ, ತಿರುಗಿಸಿ ನೋಡಿ. ಪ್ಲಸ್ ಗುರುತು ತುದಿಯ ಮೇಲೆ ಕೂತ ಮೇಲೆ 10 ಮಿ.ಮೀ. ಹಾಕಿ ಇನ್ನೊಮ್ಮೆ ಇದನ್ನೇ ಮಾಡಿ.

ಮೆಟ್ಟಿಲಲ್ಲಿ ಒಂದು ಸಲ ತಾಗಿದರೂ ಹೊಂದಿಕೆ ಜಾರುತ್ತದೆ. ಅದಕ್ಕೆ ರಾತ್ರಿ ಶುರುಮಾಡುವಾಗ ಧ್ರುವ ನಕ್ಷತ್ರದ ಮೇಲೆ ಒಮ್ಮೆ ಪರೀಕ್ಷಿಸಿ. ನಿಮ್ಮಲ್ಲಿ ಅದು ಉತ್ತರಕ್ಕೆ, ನೆಲದಿಂದ ಸುಮಾರು 15 ಡಿಗ್ರಿ ಎತ್ತರದಲ್ಲಿರುತ್ತದೆ. ಕೈ ಚಾಚಿ ಹಿಡಿದ ಒಂದೂವರೆ ಮುಷ್ಟಿಯಷ್ಟು. ಅದು ಜಾಗ ಬಿಟ್ಟು ಕದಲುವುದೂ ಕಡಿಮೆ.

ಹಗಲಲ್ಲಿ ಹೊಂದಿಸುವಾಗ ಸೂರ್ಯ ನಿಮ್ಮ ಬೆನ್ನ ಹಿಂದಿರಲಿ. ಫೈಂಡರ್‌ನಲ್ಲಿ ಸೂರ್ಯನನ್ನು ಕ್ಷಣ ಇಣುಕಿದರೂ ಕಣ್ಣು ಹೋಗುತ್ತದೆ, ಮಗಳಿಗೂ ಇದನ್ನು ಮೊದಲೇ ಹೇಳಿ.