ಕೋರ್ಟ್ ವರದಿಗೆ ಹೊಸಬರನ್ನು ತಯಾರು ಮಾಡುವುದು ಹೇಗೆ?

ತೀರ್ಪು ಏನು ಬಂತು ಎಂದಷ್ಟೇ ಅಲ್ಲ, ಯಾಕೆ ಹಾಗೆ ಬಂತು ಎಂದು ಬರೆಯಲು ಕಲಿಸಬೇಕು, ಅಲ್ವಾ? ಒಂದು ಪೂರ್ತಿ ತೀರ್ಪನ್ನೇ ಕೈಗೆ ಕೊಡಿ. ಕೊನೆಯ ಪುಟದ ಆದೇಶವನ್ನು ಎಲ್ಲರೂ ಓದುತ್ತಾರೆ. ತಿರುಳು ಇರುವುದು ನಡುವಿನ ಪುಟಗಳಲ್ಲಿ. ಜಡ್ಜ್ ಯಾವ ಸಾಕ್ಷಿಯನ್ನು ನಂಬಿದರು, ಯಾವುದನ್ನು ಬಿಟ್ಟರು? ಪೆನ್ಸಿಲ್‌ನಲ್ಲಿ ಗುರುತು ಹಾಕಿಸಿ. ಆರೋಪ ಸಂಶಯಕ್ಕೆ ಎಡೆಯಿಲ್ಲದಂತೆ ಸಾಬೀತಾಗದೆ ಆರೋಪಿಗೆ ‘ಅನುಮಾನದ ಲಾಭ’ ಸಿಕ್ಕಿದ್ದರೆ, ತನಿಖೆ ಸಡಿಲವಾಗಿತ್ತೋ, ಸಾಕ್ಷಿಗಳು ತಿರುಗಿಬಿದ್ದರೋ? ಸುದ್ದಿ ಅಲ್ಲೇ ಇದೆ.

ಜಾಮೀನು ಎಂದರೆ ಖುಲಾಸೆ ಅಲ್ಲ. ವಿಚಾರಣೆ ವೇಳೆ ಜಡ್ಜ್ ಆಡಿದ ಮಾತು ಆದೇಶವಲ್ಲ. ಜಾಸ್ತಿ ಎಡವುವುದು ಈ ಎರಡರಲ್ಲೇ, ಹಳಬರೂ ಸೇರಿ.

ದೊಡ್ಡ ಕೇಸ್ ಇಲ್ಲದ ದಿನವೂ ಕೋರ್ಟ್ ಹಾಲ್‌ನಲ್ಲಿ ಸುಮ್ನೆ ಕೂರಿಸಿ. ಎಷ್ಟು ಕೇಸ್ ಮುಂದೂಡಿದರು, ಯಾರು ಬಾರದ ಕಾರಣ ಮುಂದೂಡಿದರು ಎಂದು ಬರೆದಿಟ್ಟುಕೊಳ್ಳಲಿ.