ಬೆರಳಿಟ್ಟ ವಚನ

(ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿದ್ದೇನೆ. ಬರೆಯಲು ಆಕೆಯ ಒಪ್ಪಿಗೆ ಪಡೆದಿದ್ದೇನೆ.)

ಮುಂಬೈ ಹತ್ತಿರದ ಅಂಬರನಾಥದಿಂದ ಬಂದಿದ್ದರು. ಐವತ್ತರ ಆಸುಪಾಸು. ಬೀದರ್ ಕಡೆಯ ಮೆಥೋಡಿಸ್ಟ್ ಕ್ರೈಸ್ತ ಕುಟುಂಬದವರು. ಮದುವೆಯಾಗಿ ಮುಂಬೈಗೆ ಬಂದು 26 ವರ್ಷ. ನಾನು ಅವರನ್ನು ಅಕ್ಕ ಎಂದು ಕರೆಯುತ್ತಿದ್ದೆ, ಇಲ್ಲೂ ಹಾಗೇ ಕರೆಯುತ್ತೇನೆ. ನಿದ್ದೆ ಬರುತ್ತಿಲ್ಲ ಎಂದು ಅವರ ಡಾಕ್ಟರು ಆಪ್ತಸಮಾಲೋಚನೆಗೆ ನನ್ನ ಬಳಿ ಕಳಿಸಿದ್ದರು. ಮಗ ಕೆಲಸಕ್ಕೆ ಕತಾರ್‌ಗೆ ಹೋದ ಮೇಲೆ ಆತಂಕ ಶುರುವಾಗಿದೆ ಎಂದು ಚೀಟಿಯಲ್ಲಿ ಬರೆದಿತ್ತು. ಅದು ಅರ್ಧ ಕಥೆ ಮಾತ್ರ.

ಮೊದಲ ಭೇಟಿಯಲ್ಲಿ ಮೊಣಕಾಲು ನೋವು, ಮನೆ ಸಾಲ, ಸೊಸೆ ಹುಡುಕುವ ಚಿಂತೆ ಎಲ್ಲ ಬಂತು. ಎರಡನೆಯ ಭೇಟಿ ಮುಗಿದು ಎದ್ದು ಹೊರಟವರು ಬಾಗಿಲ ಹತ್ತಿರ ನಿಂತು ಕೇಳಿದರು. "ಮೇಡಂ, ದೇವ್ರು ಒಮ್ಮೆ ಶಾಪ ಕೊಟ್ರ ವಾಪಸ್ ತಗೋತಾನೇನ್ರಿ?"

ಮತ್ತೆ ಕೂರಿಸಿದೆ. ಆಗ ಹೊರಗೆ ಬಂತು.

ಅವ್ವ ತೀರಿಕೊಂಡ ಮೇಲೆ ಅವರ ಸತ್ಯವೇದ, ಅಂದರೆ ಕನ್ನಡ ಬೈಬಲ್, ಅಕ್ಕನ ಪಾಲಿಗೆ ಬಂದಿತ್ತು. ರಟ್ಟು ಕಿತ್ತು ಹೋಗಿ, ಬಟ್ಟೆ ಅಂಟಿಸಿದ ಹಳೆಯ ಪ್ರತಿ. ದಿನಾ ಬೆಳಗ್ಗೆ ಕಣ್ಣು ಮುಚ್ಚಿ ಅದನ್ನು ತೆರೆದು ಬೆರಳಿಡುವುದು. ಬೆರಳು ಬಿದ್ದ ವಚನವೇ ಆ ದಿನದ ಮಾತು. ಅವ್ವನೂ ಹಾಗೇ ಮಾಡುತ್ತಿದ್ದರಂತೆ. ವರ್ಷಗಟ್ಟಲೆ ಏನೂ ತೊಂದರೆ ಆಗಲಿಲ್ಲ. ಮಗ ವಿಮಾನ ಹತ್ತಿದ ಮೂರನೇ ದಿನ ಬೆರಳು ಅದರೊಳಗಿನ ಧರ್ಮೋಪದೇಶಕಾಂಡ ಎಂಬ ಪುಸ್ತಕದ 28ನೇ ಅಧ್ಯಾಯದ 32ನೇ ವಚನದ ಮೇಲೆ ಬಿತ್ತು. ನಿಮ್ಮ ಮಕ್ಕಳು ಬೇರೆ ಜನರ ಪಾಲಾಗುತ್ತಾರೆ, ದಿನವೆಲ್ಲ ದಾರಿ ನೋಡಿ ನೋಡಿ ನಿಮ್ಮ ಕಣ್ಣು ಸೋತುಹೋಗುತ್ತವೆ ಎಂಬ ಅರ್ಥದ ಮಾತು ಅಲ್ಲಿದೆ. ಮಗನನ್ನು ಪರದೇಶಕ್ಕೆ ಕಳಿಸಿ ಬಂದ ತಾಯಿ ಅದನ್ನು ಓದಿದರೆ ಹೇಗಾಗಬೇಡ?

ಅವತ್ತೇ ಮತ್ತೆ ತೆರೆದರು, ಒಳ್ಳೆಯದು ಸಿಗಲಿ ಅಂತ. ಸಿಕ್ಕಿತು. ಆದರೆ ಇದು ನಿಜವೋ ಅದು ನಿಜವೋ? ಮತ್ತೊಮ್ಮೆ ತೆರೆದರು. ತಿಂಗಳೊಳಗೆ ದಿನಕ್ಕೆ ಇಪ್ಪತ್ತು ಸಲ, ರಾತ್ರಿ ಎರಡಕ್ಕೆ ಎದ್ದು ಕೂಡ. ಕೊನೆಗೆ ಹೆದರಿ ಪುಸ್ತಕವನ್ನು ಸೀರೆಯಲ್ಲಿ ಸುತ್ತಿ ಕಪಾಟಿನಲ್ಲಿಟ್ಟರು. ಆಗ ಇನ್ನೊಂದು ಹೆದರಿಕೆ: ದೇವರ ವಾಕ್ಯವನ್ನೇ ದೂರ ಇಟ್ಟೆನಲ್ಲ!

ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಹತ್ತು ಸಲ ಎದ್ದು ನೋಡುವವರನ್ನು ನಾನು ಬಹಳ ನೋಡಿದ್ದೇನೆ. ನೋಡಿದಾಗ ಒಂದು ನಿಮಿಷ ಸಮಾಧಾನ. ಆ ಸಮಾಧಾನವೇ ಮುಂದಿನ ಸಲ ಎಬ್ಬಿಸುತ್ತದೆ. ಇಲ್ಲಿ ಗ್ಯಾಸಿನ ಜಾಗದಲ್ಲಿ ಸತ್ಯವೇದ ಇತ್ತು, ಅಷ್ಟೇ. ಇದನ್ನು ಅಕ್ಕನಿಗೂ ಹೀಗೇ ಹೇಳಿದೆ. ನಿದ್ದೆಗೆ ಡಾಕ್ಟರು ಕೊಟ್ಟ ಔಷಧಿ ಬಿಡಬೇಡಿ ಎಂದೂ ಹೇಳಿದೆ.

ಸ್ವಲ್ಪ ದಿನ ಓದುವುದನ್ನೇ ನಿಲ್ಲಿಸಿ ಎನ್ನುವುದು ನನಗೆ ಸುಲಭವಾಗಿತ್ತು. ಆದರೆ ಅದು ಅವ್ವನ ಪುಸ್ತಕ. ಅದೂ ಅಲ್ಲದೆ, ಅಕ್ಕನಿಗೆ ಓದು ಬೇಕಿತ್ತು. ಓದುವ ರೀತಿ ಗೊತ್ತಿರಲಿಲ್ಲ. ಯಾರೂ ಹೇಳಿಕೊಟ್ಟಿರಲಿಲ್ಲ. ನಾನು ಕ್ರೈಸ್ತಳಲ್ಲ. ಹಾಗಾಗಿ ಅವರ ಒಪ್ಪಿಗೆ ಪಡೆದು, ನನಗೆ ಪರಿಚಯದ ವಯಸ್ಸಾದ ಪಾಸ್ಟರ್ ಒಬ್ಬರನ್ನು ಎರಡು ಸಲ ಕಂಡೆ. ಮುಂದೆ ಹೇಳುವುದರಲ್ಲಿ ಪುಸ್ತಕದ ವಿಷಯ ಅವರದು, ಹಟ ನನ್ನದು.

ಬೆರಳಿಡುವುದು ಬಂದ್. ಇದರಲ್ಲಿ ರಿಯಾಯಿತಿ ಇಲ್ಲ. ಸತ್ಯವೇದದೊಳಗಿನ ಒಂದು ಪುಸ್ತಕ ಹಿಡಿದು ಮೊದಲಿಂದ ಕೊನೆಯವರೆಗೆ ಓದುವುದು. ಮೊದಲ ಪುಸ್ತಕ ಆದಿಕಾಂಡದಿಂದ ಶುರು ಮಾಡಿದವರು ಮೂರನೆಯದಾದ ಯಾಜಕಕಾಂಡಕ್ಕೆ ಬರುವಷ್ಟರಲ್ಲಿ ಸುಸ್ತಾಗಿ ಬಿಡುತ್ತಾರೆ ಎಂದು ಪಾಸ್ಟರ್ ನಕ್ಕರು. ಯೇಸುವಿನ ಬದುಕನ್ನು ಹೇಳುವ ಮಾರ್ಕನ ಸುವಾರ್ತೆ ಹಿಡಿದೆವು. ನಾಲ್ಕು ಸುವಾರ್ತೆಗಳಲ್ಲಿ ಅದೇ ಚಿಕ್ಕದು, 16 ಅಧ್ಯಾಯ. ದಿನಕ್ಕೆ ಒಂದು ಘಟನೆ ಸಾಕು, ಅಧ್ಯಾಯ ಮುಗಿಸುವ ಅವಸರ ಬೇಡ. ಈಗಿನ ಅಧ್ಯಾಯಗಳ ವಿಂಗಡಣೆಯೇ 13ನೇ ಶತಮಾನದ್ದು. ಬೈಬಲ್ಲಿನ ಎರಡನೆಯ ಭಾಗವಾದ ಹೊಸ ಒಡಂಬಡಿಕೆಯ ವಚನಗಳಿಗೆ ಈಗಿರುವ ಸಂಖ್ಯೆ ಕೊಟ್ಟವರು ರಾಬರ್ಟ್ ಎಸ್ತಿಯೆನ್ ಎಂಬ ಮುದ್ರಕ, 1551ರಲ್ಲಿ. ಅಕ್ಕನಿಗೆ ಇದು ದೊಡ್ಡ ಸುದ್ದಿ. "ಅಂದ್ರ ನಂಬರ್ ದೇವ್ರು ಹಾಕಿದ್ದಲ್ಲೇನ್ರಿ?" ಮನೆ ನಂಬರ್ ಇದ್ದ ಹಾಗೆ, ಹುಡುಕಲು ಸುಲಭ ಆಗಲಿ ಅಂತ ಹಾಕಿದ್ದು ಎಂದೆ.

ಜೊತೆಗೊಂದು ನೋಟ್‌ಬುಕ್. ಓದಿದ ಮೇಲೆ ಮೂರು ಸಾಲು ಬರೆಯಬೇಕು. ಯಾರು ಯಾರಿಗೆ ಹೇಳಿದ್ದು? ಅದರ ಹಿಂದೆ ಮುಂದೆ ಏನಿದೆ? ನನಗೆ ತಿಳಿಯದ್ದು ಯಾವುದು? ಇದಾದ ಮೇಲೇ 'ನನಗೇನು ಹೇಳುತ್ತದೆ' ಎಂಬ ಪ್ರಶ್ನೆ. ಅಕ್ಕ ಇಷ್ಟು ವರ್ಷ ಈ ನಾಲ್ಕನೆಯದರಿಂದಲೇ ಶುರು ಮಾಡುತ್ತಿದ್ದರು. ಇಪ್ಪತ್ತು ನಿಮಿಷಕ್ಕೆ ಫೋನಿನಲ್ಲಿ ಅಲಾರಂ, ಅದು ಹೊಡೆದರೆ ಪುಸ್ತಕ ಮುಚ್ಚಬೇಕು. ರಾತ್ರಿ ಒಂಬತ್ತರ ಮೇಲೆ ಓದುವಂತಿಲ್ಲ. ಶಾಪ, ದುರಾತ್ಮ, ಕಡೇ ದಿನ ಎಂದು ಕಿರುಚುವ ಯೂಟ್ಯೂಬ್ ಪ್ರಸಂಗಗಳೂ ಬೇಡ. ಒಂದು ಕಡೆ ಗಾಯಕ್ಕೆ ಮದ್ದು ಹಚ್ಚಿ ಇನ್ನೊಂದು ಕಡೆ ಕೆರೆದರೆ ಹೇಗೆ?

ಹಳೆಯ ಅನುವಾದದ ಕನ್ನಡ ಕೆಲವು ಕಡೆ ಗಟ್ಟಿ. ಅಂಥಲ್ಲಿ ಸರಳ ಕನ್ನಡದ ಹೊಸ ಅನುವಾದ ಪಕ್ಕಕ್ಕಿಟ್ಟುಕೊಳ್ಳಿ ಎಂದರು ಪಾಸ್ಟರ್. ಅಕ್ಕನಿಗೆ ಮರಾಠಿಯೂ ಓದಲು ಬರುತ್ತದೆ, ಮಕ್ಕಳಿಗೆ ಪಾಠ ಹೇಳಿಕೊಡುತ್ತ ಕಲಿತದ್ದು. ಮರಾಠಿ ಬೈಬಲ್ಲೂ ತಂದರು. ಪುಣೆ ಹತ್ತಿರದ ಕೇಡಗಾಂವ್‌ನಲ್ಲಿ ಪಂಡಿತಾ ರಮಾಬಾಯಿ ಒಬ್ಬರೇ ಕೂತು ಇಡೀ ಬೈಬಲ್ಲನ್ನು ಮರಾಠಿಗೆ ಮಾಡಿದ್ದರು, ಅದು ಅಚ್ಚಾಗಿದ್ದು ಅವರು ತೀರಿಕೊಂಡ ಮೇಲೆ, 1924ರಲ್ಲಿ ಎಂದೆ. "ಒಬ್ಬ ಹೆಣ್ಮಗಳು ಅಷ್ಟೂ ಬರದಾಳ, ನಂಗ ಓದ್ಲಾಕೇನು" ಎಂದರು.

ಎರಡನೇ ವಾರದ ನೋಟ್‌ಬುಕ್ ನೋಡಿ ನನಗೇ ಖುಷಿಯಾಯಿತು. ಸುಂಕದ ಕಟ್ಟೆಯಲ್ಲಿ ಕೂತಿದ್ದ ಲೇವಿಯನ್ನು ಯೇಸು ಕರೆಯುವ ಪ್ರಸಂಗ. ಸುಂಕದವರ ಜೊತೆ ಊಟಕ್ಕೆ ಕೂತರೆ ಜನಕ್ಕೆ ಯಾಕೆ ಅಷ್ಟು ಸಿಟ್ಟು? ಅಕ್ಕ ತಾವೇ ಬರೆದಿದ್ದರು: 'ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ ಅಂತ ನಮ್ಮವ್ವ ಅಂತಿದ್ದಳು. ಅಂಥವನನ್ನೂ ಕರೆದ.' ಇಂಥ ಟಿಪ್ಪಣಿ ಯಾವ ವ್ಯಾಖ್ಯಾನದಲ್ಲಿ ಸಿಗುತ್ತದೆ ಹೇಳಿ.

ಆರನೇ ವಾರ ಧರ್ಮೋಪದೇಶಕಾಂಡ 28 ತೆರೆದೆವು, ಇಬ್ಬರೂ ಕೂತು. ಅಕ್ಕನ ಕೈ ನಡುಗುತ್ತಿತ್ತು. ಅದೇ ಮೂರು ಪ್ರಶ್ನೆ. ಯೊರ್ದನ್ ನದಿ ದಾಟುವ ಮೊದಲು ಮೋಶೆ ಇಸ್ರಾಯೇಲ್ಯರಿಗೆ ಹೇಳಿದ್ದು, ದೇವರ ಜೊತೆ ಇಡೀ ಜನಾಂಗದ ಒಡಂಬಡಿಕೆಯ ಮಾತು. ಆ ಕಾಲದ ಅರಸರ ಒಪ್ಪಂದಗಳಲ್ಲೂ ಕೊನೆಗೆ ಇಂಥ ಶಾಪಗಳ ಪಟ್ಟಿ ಇರುತ್ತಿತ್ತು ಎಂದು ಪಾಸ್ಟರ್ ಹೇಳಿದ್ದರು. ಅಂಬರನಾಥದ ಒಬ್ಬ ತಾಯಿಗೆ ಬಂದ ಕಾಗದ ಅದಾಗಿರಲಿಲ್ಲ. ಆಮೇಲೆ ಲೆಕ್ಕ ಮಾಡಿಸಿದೆ. 68 ವಚನಗಳಲ್ಲಿ ಆಶೀರ್ವಾದ 14, ಉಳಿದ 54 ಶಾಪ. ಕಣ್ಣು ಮುಚ್ಚಿ ಈ ಅಧ್ಯಾಯದಲ್ಲಿ ಬೆರಳಿಟ್ಟರೆ ಏನು ಸಿಗುತ್ತದೆ? ಅಕ್ಕ ಒಂದು ಕ್ಷಣ ಸುಮ್ಮನಿದ್ದು ನಕ್ಕುಬಿಟ್ಟರು. ನನ್ನೆದುರು ಅವರು ನಕ್ಕದ್ದು ಅದೇ ಮೊದಲು.

ನಿಜವಾದ ಜಗಳ ಆಮೇಲೆ ಆಯಿತು. ಅವರ ಫ್ರಿಜ್ ಮೇಲೆ ಯೆರೆಮೀಯ ಎಂಬ ಪುಸ್ತಕದ 29:11 ಅಂಟಿಸಿತ್ತು. ನಿಮ್ಮ ಬಗ್ಗೆ ನನಗಿರುವ ಯೋಜನೆ ಕೇಡಿನದಲ್ಲ, ಹಿತದ್ದೇ ಎಂಬ ವಚನ. ಕ್ಯಾಲೆಂಡರುಗಳಲ್ಲಿ ಜಾಸ್ತಿ ಕಾಣುವುದೂ ಅದೇ. ಇದಕ್ಕೂ ಅದೇ ನಿಯಮ, ಹಿಂದೆ ಮುಂದೆ ಓದಿ ಎಂದೆ. ಸಿಟ್ಟು ಬಂತು. "ಕೆಟ್ಟದ್ದೂ ನಂದಲ್ಲ, ಛಲೋದೂ ನಂದಲ್ಲ ಅಂದ್ರ ನಂಗೇನ್ ಉಳೀತ್ರಿ?" ನ್ಯಾಯವಾದ ಪ್ರಶ್ನೆ. ನನ್ನ ಬಳಿ ಉತ್ತರ ಇರಲಿಲ್ಲ. ಒಂದು ವಾರ ಬರಲಿಲ್ಲ. ಫೋನೂ ಎತ್ತಲಿಲ್ಲ. ಆ ವಾರದಲ್ಲಿ ಎರಡು ಸಲ ಬೆರಳಿಟ್ಟು ನೋಡಿದ್ದೂ ಉಂಟಂತೆ.

ಮುಂದಿನ ವಾರ ಬಂದವರು ಇಡೀ ಅಧ್ಯಾಯ ಓದಿದ್ದರು. ಅದು ಬಾಬೆಲಿಗೆ, ಅಂದರೆ ಬ್ಯಾಬಿಲೋನಿಗೆ, ಸೆರೆ ಒಯ್ದ ಯೆಹೂದ್ಯ ಜನರಿಗೆ ಬರೆದ ಪತ್ರ. 10ನೇ ವಚನದಲ್ಲೇ ಎಪ್ಪತ್ತು ವರ್ಷ ಕಾಯಬೇಕು ಎಂದಿದೆ. ಅದಕ್ಕೂ ಮೊದಲು, ಅಲ್ಲೇ ಮನೆ ಕಟ್ಟಿರಿ, ತೋಟ ಮಾಡಿ ಅದರ ಫಲ ತಿನ್ನಿರಿ, ಆ ಊರಿನ ಒಳಿತಿಗಾಗಿ ಬೇಡಿಕೊಳ್ಳಿರಿ ಎಂದಿದೆ. 26 ವರ್ಷವಾದರೂ ನಾನು ಅಂಬರನಾಥವನ್ನು ನಮ್ಮೂರು ಅಂದಿಲ್ಲ ಮೇಡಂ ಎಂದರು. ಆ ಭಾಗವನ್ನು ಫೋಟೋ ತೆಗೆದು ಮಗನಿಗೆ ವಾಟ್ಸಾಪ್ ಮಾಡಿದ್ದರು. ಫ್ರಿಜ್ ಮೇಲಿನ ಚೀಟಿ ಹಾಗೇ ಇದೆ. ಅದರ ಕೆಳಗೆ 5ರಿಂದ 7ನೇ ವಚನ ಕೈಯಲ್ಲಿ ಬರೆದು ಅಂಟಿಸಿದ್ದಾರೆ.

ಒಬ್ಬರೇ ಓದುವುದೆಂದರೆ ಯಾರನ್ನೂ ಕೇಳಬಾರದು ಎಂದಲ್ಲ. 'ತಿಳಿಯದ್ದು' ಕಾಲಂನಲ್ಲಿ ಉಳಿದದ್ದನ್ನು ತಿಂಗಳಿಗೊಮ್ಮೆ ಒಬ್ಬರ ಹತ್ತಿರ ಮಾತ್ರ ಕೇಳಿ, ಹತ್ತು ಜನರ ಹತ್ತಿರ ಬೇಡ ಎಂದಿದ್ದೆ. ಈಗ ಕನ್ನಡ ಆರಾಧನೆ ಮುಗಿದ ಮೇಲೆ ಆ ಪಾಸ್ಟರನ್ನೇ ಹಿಡಿಯುತ್ತಾರೆ.

ಕೊನೆಯ ಭೇಟಿಗೆ ಬಂದಾಗ ಮಾರ್ಕ ಮುಗಿದಿತ್ತು. 16ನೇ ಅಧ್ಯಾಯದ 8ನೇ ವಚನದಲ್ಲಿ ಹೆಂಗಸರು ಯೇಸುವಿನ ಸಮಾಧಿಯಿಂದ ಓಡಿಹೋಗುತ್ತಾರೆ, ಹೆದರಿದ್ದರಿಂದ ಯಾರಿಗೂ ಏನೂ ಹೇಳುವುದಿಲ್ಲ. ತುಂಬ ಹಳೆಯ ಕೈಬರಹದ ಪ್ರತಿಗಳು ಅಲ್ಲಿಗೇ ನಿಲ್ಲುತ್ತವೆ, ಮುಂದಿನ ವಚನಗಳು ಅವುಗಳಲ್ಲಿ ಇಲ್ಲ. ಹೊಸ ಅನುವಾದದ ಅಡಿಟಿಪ್ಪಣಿಯಲ್ಲಿ ಅಕ್ಕ ಇದನ್ನು ಓದಿದ್ದರು.

"ಹೆದರಿದ್ರು ಅಂತ ಹೇಳಿ ಹಂಗೇ ನಿಲ್ಲಿಸ್ಯಾರ್ರಿ. ಮುಂದೇನಾಯ್ತು ಅಂತ ತಿಳೀಲೇ ಇಲ್ಲ."

"ಮತ್ತೆ ಏನು ಮಾಡಿದಿರಿ? ಬೇರೆ ಕಡೆ ತೆರೆದು ನೋಡಿದಿರಾ?"

"ಇಲ್ರಿ. ತಿಳೀಲಿಲ್ಲ ಅಂತ ಬರ್ದೆ. ಅಲಾರಂ ಹೊಡೀತು. ರೊಟ್ಟಿ ಬಡೀಲಾಕ ಕುಂತೆ."